ಮನೆಯ ಬ್ಯಾಕಪ್ ಸರ್ವರ್‌ಗೆ ಬದಲಿ ಡಿಸ್ಕ್: ಯಾವುದು ಅಗ್ಗ, ಯಾವುದು ದುಬಾರಿ?

ವಿಜಯಪುರ: ಮದುವೆಯ ವಿಡಿಯೊ, ಮಕ್ಕಳ ಭಾವಚಿತ್ರ, ಜಮೀನಿನ ದಾಖಲೆ, ಅಂಗಡಿಯ ಲೆಕ್ಕಪತ್ರ ಇವೆಲ್ಲ ಇಂದು ಟ್ರಂಕಿನಲ್ಲಿ ಅಥವಾ ಕಪಾಟಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಹಾರ್ಡ್ ಡಿಸ್ಕ್‌ಗಳಲ್ಲಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯಂತಹ ಪಟ್ಟಣಗಳ ಫೋಟೊ ಸ್ಟುಡಿಯೊ, ಡಿಟಿಪಿ ಕೇಂದ್ರ, ತೆರಿಗೆ ಸಲಹೆಗಾರರ ಕಚೇರಿ ಮತ್ತು ಸಾಮಾನ್ಯ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂತಹ ಕಡೆ ಹಳೆಯ ಕಂಪ್ಯೂಟರ್ ಒಂದನ್ನೇ ಬ್ಯಾಕಪ್ ಸರ್ವರ್ ಆಗಿ ಪರಿವರ್ತಿಸಿಕೊಂಡವರ ಮುಂದೆ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆ ಎದುರಾಗುತ್ತದೆ: ಒಳಗಿನ ಡಿಸ್ಕ್ ಕೈಕೊಡುವ ಲಕ್ಷಣ ಕಂಡಾಗ ಅದರ ಬದಲಿಗೆ ಯಾವುದನ್ನು ಕೊಳ್ಳಬೇಕು?

ಬೆಲೆಪಟ್ಟಿಯ ಅತ್ಯಂತ ಕೆಳಗಿನ ಸಾಲನ್ನು ನೋಡಿ ಕೊಳ್ಳುವುದು ಸಹಜ. ಆದರೆ ಇಲ್ಲಿ ಪಣಕ್ಕಿರುವುದು ಡಿಸ್ಕ್‌ನ ಬೆಲೆಯಲ್ಲ, ಅದರೊಳಗಿನ ಮಾಹಿತಿ. ಡಿಸ್ಕ್ ಕೆಟ್ಟರೆ ವಾರಂಟಿಯಲ್ಲಿ ಮತ್ತೊಂದು ಡಿಸ್ಕ್ ದೊರೆಯಬಹುದು. ಹೋದ ಭಾವಚಿತ್ರ ದೊರೆಯುವುದಿಲ್ಲ. ಹಾಗೆಂದು ದುಬಾರಿ ಡಿಸ್ಕ್ ಅನಿವಾರ್ಯವೂ ಅಲ್ಲ. ಮಾದರಿ ಸಂಖ್ಯೆಯ ಪರಿಶೀಲನೆ, ಮೊದಲ ದಿನದ ಪರೀಕ್ಷೆ ಮತ್ತು ಬೇರೊಂದು ಸ್ಥಳದಲ್ಲಿ ಎರಡನೆಯ ಪ್ರತಿ, ಈ ಮೂರು ಎಚ್ಚರಿಕೆಗಳಿದ್ದರೆ ಸಾಧಾರಣ ಬೆಲೆಯ ಡಿಸ್ಕ್ ಸಾಕು.

ಏನಿದು ಬ್ಯಾಕಪ್ ಸರ್ವರ್?

ಮನೆಯ ಅಥವಾ ಕಚೇರಿಯ ಮೂಲೆಯಲ್ಲಿ ಸದಾ ಚಾಲೂ ಇದ್ದು, ಫೋನ್ ಮತ್ತು ಕಂಪ್ಯೂಟರ್‌ಗಳಲ್ಲಿನ ಕಡತಗಳ ಪ್ರತಿಯನ್ನು ನಿಗದಿತ ವೇಳೆಗೆ ತಾನಾಗಿಯೇ ತೆಗೆದಿಟ್ಟುಕೊಳ್ಳುವ ಸಣ್ಣ ಯಂತ್ರವೇ ಬ್ಯಾಕಪ್ ಸರ್ವರ್. ಇದಕ್ಕೆಂದೇ ತಯಾರಾದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಆದರೆ ಹಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಅಥವಾ ಓಪನ್‌ಮೀಡಿಯಾವಾಲ್ಟ್‌ನಂತಹ ಉಚಿತ ತಂತ್ರಾಂಶ ಅಳವಡಿಸಿದರೂ ಅದೇ ಕೆಲಸ ನಡೆಯುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಒಪ್ಪದ ಎಷ್ಟೋ ಕಂಪ್ಯೂಟರ್‌ಗಳು ಇದರಿಂದ ಮೂಲೆ ಸೇರಿವೆ. ಅವುಗಳಿಗೆ ಈ ಕೆಲಸ ಹೊಸ ಜೀವ ನೀಡಬಲ್ಲದು.

ಅಂತರ್ಜಾಲದ ಕ್ಲೌಡ್ ಸೇವೆ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ 1 ಟಿಬಿ ಮಾಹಿತಿ ಕಳುಹಿಸಲು ಒಂದು ಕ್ಷಣವೂ ನಿಲ್ಲದಂತೆ ನಾಲ್ಕೂವರೆ ದಿನಕ್ಕಿಂತ ಹೆಚ್ಚು ಕಾಲ ಬೇಕು. ಮೇಲಾಗಿ ಪ್ರತಿ ತಿಂಗಳು ಬಾಡಿಗೆ ಕಟ್ಟಬೇಕು. ಅತಿ ಮುಖ್ಯ ದಾಖಲೆಗಳಿಗೆ ಕ್ಲೌಡ್ ಸರಿ. ಸ್ಟುಡಿಯೊ ಒಂದರ ಇಡೀ ವರ್ಷದ ವಿಡಿಯೊಗಳಿಗೆ ಸ್ಥಳೀಯ ಡಿಸ್ಕ್ ಬೇಕೇ ಬೇಕು.

ಮೊದಲು ಡಿಸ್ಕ್ ನಿಜಕ್ಕೂ ಕೆಟ್ಟಿದೆಯೇ ನೋಡಿ

ಸರ್ವರ್ ಡಿಸ್ಕನ್ನು ಗುರುತಿಸದಿದ್ದ ಮಾತ್ರಕ್ಕೆ ಡಿಸ್ಕ್ ಸತ್ತಿತೆಂದು ಭಾವಿಸಬೇಕಿಲ್ಲ. ಸಡಿಲಗೊಂಡ ಸಾಟಾ ಕೇಬಲ್, ದುರ್ಬಲಗೊಂಡ ವಿದ್ಯುತ್ ಅಡಾಪ್ಟರ್, ಧೂಳು ಹಿಡಿದ ಸಂಪರ್ಕಗಳು ಕೂಡ ಇದೇ ಲಕ್ಷಣ ತೋರಿಸುತ್ತವೆ. ಕೇಬಲ್ ಬದಲಿಸಿ, ಬೇರೆ ಕಂಪ್ಯೂಟರ್‌ಗೆ ಜೋಡಿಸಿ ನೋಡುವುದು ಮೊದಲ ಹೆಜ್ಜೆ.

ಎರಡನೆಯದು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ‘ಸ್ಮಾರ್ಟ್’ ದಾಖಲೆಯನ್ನು ಓದುವುದು. ಉಚಿತ ತಂತ್ರಾಂಶಗಳಿಂದ ಇದನ್ನು ನೋಡಬಹುದು. ಪಟ್ಟಿಯಲ್ಲಿ ಹತ್ತಾರು ಸಾಲುಗಳಿದ್ದರೂ 5, 187, 188, 197 ಮತ್ತು 198ನೆಯ ಸಂಖ್ಯೆಯವು ಮುಖ್ಯ. ಬದಲಿ ಜಾಗಕ್ಕೆ ಸ್ಥಳಾಂತರವಾದ ಕೆಟ್ಟ ಸೆಕ್ಟರ್‌ಗಳು, ಸರಿಪಡಿಸಲಾಗದ ದೋಷಗಳು, ಉತ್ತರ ಸಿಗದೆ ಹೋದ ಆದೇಶಗಳು, ಓದಲು ಬಾಕಿ ಉಳಿದ ಸೆಕ್ಟರ್‌ಗಳು ಇತ್ಯಾದಿ ವಿವರ ಇಲ್ಲಿರುತ್ತದೆ. ಇವು ಸೊನ್ನೆಯಿಂದ ಮೇಲೇರತೊಡಗಿದರೆ ಬದಲಿ ಡಿಸ್ಕ್ ಹುಡುಕುವ ಕಾಲ ಬಂದಿದೆ ಎಂದರ್ಥ. 188 ಮಾತ್ರ ಏರುತ್ತಿದ್ದರೆ ಕೇಬಲ್ ಅಥವಾ ವಿದ್ಯುತ್ ಪೂರೈಕೆಯ ದೋಷವೂ ಇರಬಹುದು.

ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಾರ್ಹ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದ ಡಿಸ್ಕ್‌ಗಳಿಗಿಂತ 39 ಪಟ್ಟು ಹೆಚ್ಚು ಎಂದು ಆ ಅಧ್ಯಯನ ತೋರಿಸಿತು. ಅದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಮುಖ ಮುನ್ಸೂಚನೆಗಳಲ್ಲಿ ಒಂದನ್ನೂ ನೀಡಿರಲಿಲ್ಲ. ಅಂದರೆ ಸೂಚನೆ ಬಂದರೆ ನಂಬಬೇಕು, ಬಾರದಿದ್ದರೆ ನಿಶ್ಚಿಂತೆಯಿಂದ ಇರಬಾರದು.

ಎಷ್ಟು ಜಾಗ ಬೇಕು?

ಅಗತ್ಯಕ್ಕಿಂತ ದೊಡ್ಡ ಡಿಸ್ಕ್ ಕೊಳ್ಳುವುದು ಹಣ ವ್ಯರ್ಥವಾಗುವ ಸಾಮಾನ್ಯ ದಾರಿ. ಲೆಕ್ಕ ಸುಲಭ. ಈಗಿರುವ ಮಾಹಿತಿ, ಮುಂದಿನ ಮೂರು ವರ್ಷಗಳ ಬೆಳವಣಿಗೆ, ಅದರ ಮೇಲೆ ಐದರಲ್ಲಿ ಒಂದು ಪಾಲು ಖಾಲಿ ಜಾಗ, ಇಷ್ಟನ್ನು ಕೂಡಿಸಿದರೆ ಸಾಕು.

ನಾಲ್ವರಿರುವ ಮನೆಯಲ್ಲಿ ಒಬ್ಬೊಬ್ಬರ ಫೋನ್‌ನಿಂದ ತಿಂಗಳಿಗೆ 3 ಜಿಬಿ ಚಿತ್ರ, ವಿಡಿಯೊ ಸೇರುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 144 ಜಿಬಿ, ಮೂರು ವರ್ಷಕ್ಕೆ 432 ಜಿಬಿ ಆಗುತ್ತದೆ. ಇಂತಹ ಮನೆಗೆ 2 ಟಿಬಿ ಧಾರಾಳ. ಸ್ಟುಡಿಯೊ ಲೆಕ್ಕ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ನಾಲ್ಕು ಗಂಟೆಯ ವಿಡಿಯೊ ಮತ್ತು ಮೂರು ಸಾವಿರ ಮೂಲ ಛಾಯಾಚಿತ್ರಗಳಿರುವ ಒಂದು ಮದುವೆ 250 ಜಿಬಿ ಮುಟ್ಟಬಹುದು. ಒಂದು ಸುಗ್ಗಿಯಲ್ಲಿ ಹದಿನೈದು ಮದುವೆ ಎಂದರೆ 3.75 ಟಿಬಿ. ಇವರಿಗೆ 8 ಟಿಬಿಗಿಂತ ಕಡಿಮೆ ಸಾಲದು. ತೆರಿಗೆ ಸಲಹೆಗಾರರ ಕಡತಗಳು ಗಾತ್ರದಲ್ಲಿ ಚಿಕ್ಕವು. ಆದರೆ ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕಾದ್ದರಿಂದ ಅಲ್ಲಿ ಜಾಗಕ್ಕಿಂತ ಬಾಳಿಕೆ ಮುಖ್ಯ.

4 ಟಿಬಿ ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸಿದಾಗ ಸುಮಾರು 3.63 ಟಿಬಿ ಎಂದು ಕಾಣಿಸುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ. ಹಳೆಯ ಕಂಪ್ಯೂಟರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯಲ್ಲಿ ಸಾಮಾನ್ಯವಾಗಿ 2 ಟಿಬಿಗಿಂತ ಹೆಚ್ಚಿನ ಜಾಗ ಬಳಕೆಗೆ ಬರುವುದಿಲ್ಲ. ದೊಡ್ಡ ಡಿಸ್ಕನ್ನು ಜಿಪಿಟಿ ಪದ್ಧತಿಯಲ್ಲಿ ವಿಭಜಿಸಬೇಕು.

ಲೇಬಲ್ ಹೇಳದ ಸಂಗತಿ

ಒಂದೇ ಸಾಮರ್ಥ್ಯದ, ಒಂದೇ ಕಂಪನಿಯ ಎರಡು ಡಿಸ್ಕ್‌ಗಳ ನಡುವೆ ಹೊರನೋಟಕ್ಕೆ ಕಾಣದ ಒಂದು ದೊಡ್ಡ ವ್ಯತ್ಯಾಸ ಇರಬಹುದು. ಮಾಹಿತಿ ಬರೆಯುವ ವಿಧಾನವೇ ಆ ವ್ಯತ್ಯಾಸ. ಸಾಂಪ್ರದಾಯಿಕ ಸಿಎಂಆರ್ ವಿಧಾನದಲ್ಲಿ ಮಾಹಿತಿಯ ವರ್ತುಲಗಳು ಒಂದರ ಪಕ್ಕ ಒಂದು ಬಿಡಿಯಾಗಿರುತ್ತವೆ. ಎಸ್‌ಎಂಆರ್ ವಿಧಾನದಲ್ಲಿ ಮಾಡಿಗೆ ಹೊದಿಸಿದ ಹೆಂಚುಗಳಂತೆ ಒಂದು ವರ್ತುಲ ಮತ್ತೊಂದರ ಅಂಚಿನ ಮೇಲೆ ಕುಳಿತಿರುತ್ತದೆ. ಇದರಿಂದ ಅದೇ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಸುತ್ತದೆ, ತಯಾರಿಕಾ ವೆಚ್ಚವೂ ತಗ್ಗುತ್ತದೆ. ಆದರೆ ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲಿನವನ್ನೆಲ್ಲ ಎತ್ತಬೇಕಾದಂತೆ, ನಡುವೆ ಒಂದು ಕಡತ ತಿದ್ದಿದರೆ ಅಕ್ಕಪಕ್ಕದ ಸಾಲುಗಳನ್ನೂ ಡಿಸ್ಕ್ ಮತ್ತೆ ಬರೆಯಬೇಕಾಗುತ್ತದೆ. ಬರವಣಿಗೆ ದೀರ್ಘಕಾಲ ನಡೆದಾಗ ವೇಗ ಕುಸಿಯುತ್ತದೆ.

ಇದು ಜಗಜ್ಜಾಹೀರಾದದ್ದು 2020ರಲ್ಲಿ. ವೆಸ್ಟರ್ನ್ ಡಿಜಿಟಲ್ ಕಂಪನಿಯು ಸರ್ವರ್ ಪೆಟ್ಟಿಗೆಗಳಿಗೆಂದೇ ಮಾರುತ್ತಿದ್ದ ‘ರೆಡ್’ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳಲ್ಲಿ ಎಸ್‌ಎಂಆರ್ ವಿಧಾನ ಬಳಸಿದ್ದು, ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ ಎಂಬುದು ಬಯಲಾಯಿತು. ತಂತ್ರಜ್ಞಾನ ತಾಣವೊಂದು ನಡೆಸಿದ ಪರೀಕ್ಷೆಯಲ್ಲಿ, ಜೋಡಣೆಯಲ್ಲಿನ ಕೆಟ್ಟ ಡಿಸ್ಕ್‌ನ ಜಾಗಕ್ಕೆ ಇಂತಹ 4 ಟಿಬಿ ಡಿಸ್ಕ್ ಹಾಕಿ ಮಾಹಿತಿ ಮರುತುಂಬಲು ಒಂಬತ್ತು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು. ಸಾಂಪ್ರದಾಯಿಕ ಡಿಸ್ಕ್‌ಗಳು ಅದೇ ಕೆಲಸವನ್ನು ಒಂದು ದಿನದೊಳಗೆ ಮುಗಿಸಿದ್ದವು. ವಿವಾದದ ನಂತರ ಕಂಪನಿಯು ಸಿಎಂಆರ್ ಡಿಸ್ಕ್‌ಗಳನ್ನು ‘ರೆಡ್ ಪ್ಲಸ್’ ಎಂಬ ಪ್ರತ್ಯೇಕ ಹೆಸರಿನಲ್ಲಿ ಮಾರತೊಡಗಿತು.

ಗ್ರಾಹಕರಿಗೆ ಇದರ ಪಾಠ ಸರಳ. ಅಂಗಡಿಯಲ್ಲಿ ‘4 ಟಿಬಿ ಕೊಡಿ’ ಎಂದು ಕೇಳದೆ ಮಾದರಿ ಸಂಖ್ಯೆ ಕೇಳಬೇಕು. ಅದನ್ನು ತಯಾರಕರ ತಾಣದಲ್ಲಿರುವ ಪಟ್ಟಿಯೊಂದಿಗೆ ಹೋಲಿಸಿದರೆ ಯಾವ ವಿಧಾನದ್ದೆಂದು ತಿಳಿಯುತ್ತದೆ. ಎಸ್‌ಎಂಆರ್ ಡಿಸ್ಕ್ ಸಂಪೂರ್ಣ ನಿರುಪಯುಕ್ತವಲ್ಲ. ವಾರಕ್ಕೊಮ್ಮೆ ಪ್ರತಿ ತೆಗೆದು ಕಪಾಟಿನಲ್ಲಿಡಲು ಅದು ಸಾಕು. ಸದಾ ಚಾಲೂ ಇರುವ ಸರ್ವರ್‌ನೊಳಗೆ, ವಿಶೇಷವಾಗಿ ಜೋಡಿ ಡಿಸ್ಕ್‌ಗಳ ವ್ಯವಸ್ಥೆಯಲ್ಲಿ, ಅದು ಬೇಡ.

ಅಂಗಡಿಯಲ್ಲಿ ಸಿಗುವುದೇನು?

ಮೇಜಿನ ಕಂಪ್ಯೂಟರ್‌ಗೆಂದು ತಯಾರಾದ ಡಿಸ್ಕ್‌ಗಳು ಬೆಲೆಯಲ್ಲಿ ಅಗ್ಗ. ಸೀಗೇಟ್ ಬರಾಕುಡಾ, ವೆಸ್ಟರ್ನ್ ಡಿಜಿಟಲ್ ಬ್ಲೂ ಈ ವರ್ಗದವು. ಸಾಮಾನ್ಯವಾಗಿ ಎರಡು ವರ್ಷಗಳ ವಾರಂಟಿ. ಇವುಗಳ ಹಲವು ಮಾದರಿಗಳು ಎಸ್‌ಎಂಆರ್.

ಸರ್ವರ್ ಪೆಟ್ಟಿಗೆಗಳಿಗೆಂದು ತಯಾರಾದ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಡಿಸ್ಕ್‌ಗಳು 24 ಗಂಟೆ ಓಡಲು ವಿನ್ಯಾಸಗೊಂಡಿವೆ. ಮೂರು ವರ್ಷಗಳ ವಾರಂಟಿ ಇದ್ದು, ವರ್ಷಕ್ಕೆ 180 ಟಿಬಿ ಓದು-ಬರಹದ ಕೆಲಸ ನಿಭಾಯಿಸುತ್ತವೆ ಎಂದು ತಯಾರಕರು ಹೇಳುತ್ತಾರೆ. ಬರಾಕುಡಾಗೆ ಇದೇ ಮಿತಿ 55 ಟಿಬಿ. ಓದಲು ಬಾರದ ಸೆಕ್ಟರ್ ಎದುರಾದಾಗ ಇವು ಕೆಲವೇ ಸೆಕೆಂಡುಗಳಲ್ಲಿ ಪ್ರಯತ್ನ ಕೈಬಿಟ್ಟು ಸರ್ವರ್‌ಗೆ ವರದಿ ಮಾಡುತ್ತವೆ. ಮೇಜಿನ ಡಿಸ್ಕ್ ದೀರ್ಘಕಾಲ ಹೆಣಗಾಡುತ್ತ ಕುಳಿತು, ಡಿಸ್ಕೇ ಸತ್ತಿತೆಂದು ಜೋಡಿ ವ್ಯವಸ್ಥೆಯಿಂದ ಹೊರದಬ್ಬಿಸಿಕೊಳ್ಳುವ ಸಂಭವವಿದೆ. ಒಂದೇ ಡಿಸ್ಕ್ ಇರುವ ಸರ್ವರ್‌ಗೆ ಈ ಗುಣ ಅಷ್ಟು ಮುಖ್ಯವಲ್ಲ.

ಮೂರನೆಯ ವರ್ಗವನ್ನು ತಾಲ್ಲೂಕು ಕೇಂದ್ರಗಳ ಗ್ರಾಹಕರು ವಿಶೇಷವಾಗಿ ಗಮನಿಸಬಹುದು. ಅದು ಸಿಸಿ ಕ್ಯಾಮೆರಾ ದಾಖಲೆಗೆ ಬಳಸುವ ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್ ಡಿಸ್ಕ್‌ಗಳು. ಅಂಗಡಿ, ಬ್ಯಾಂಕು, ಶಾಲೆ ಎನ್ನದೆ ಎಲ್ಲೆಡೆ ಕ್ಯಾಮೆರಾ ಬಂದಿರುವುದರಿಂದ ಸರ್ವರ್ ಡಿಸ್ಕ್ ದಾಸ್ತಾನಿಲ್ಲದ ಅಂಗಡಿಯಲ್ಲೂ ಇವು ಸಿಗುವ ಸಾಧ್ಯತೆ ಹೆಚ್ಚು. ಇವೂ ಹಗಲಿರುಳು ಓಡಲೆಂದೇ ತಯಾರಾದವು, ಮೂರು ವರ್ಷಗಳ ವಾರಂಟಿಯೂ ಇದೆ. ಕ್ಯಾಮೆರಾ ಡಿಸ್ಕ್ ದೋಷಗಳನ್ನು ಕಡೆಗಣಿಸುತ್ತದೆ ಎಂಬ ಮಾತು ರೆಕಾರ್ಡರ್ ನೀಡುವ ವಿಶೇಷ ಆದೇಶಗಳಿಗೆ ಮಾತ್ರ ಸಂಬಂಧಿಸಿದ್ದು. ಸಾಮಾನ್ಯ ಸರ್ವರ್ ಅಂತಹ ಆದೇಶ ನೀಡುವುದಿಲ್ಲ. ಮಾದರಿ ಸಂಖ್ಯೆ ಪರಿಶೀಲಿಸಿ ಸಿಎಂಆರ್ ಎಂದು ಖಚಿತಪಡಿಸಿಕೊಂಡರೆ ಬ್ಯಾಕಪ್ ಕೆಲಸಕ್ಕೆ ಇದು ಉತ್ತಮ ಆಯ್ಕೆ.

ನಾಲ್ಕನೆಯದು ಯುಎಸ್‌ಬಿ ಮೂಲಕ ಜೋಡಿಸುವ ಪೋರ್ಟಬಲ್ ಡಿಸ್ಕ್. ಎರಡನೆಯ ಪ್ರತಿಗೆ ಇದು ಸೂಕ್ತ. ಇದರ ಕವಚ ಒಡೆದು ಒಳಗಿನ ಡಿಸ್ಕನ್ನು ಸರ್ವರ್‌ಗೆ ಹಾಕುವ ಉಪಾಯವನ್ನು ಕೆಲವರು ಅನುಸರಿಸುತ್ತಾರೆ. ವಾರಂಟಿ ಪಡೆಯುವುದು ಆಗ ಕಷ್ಟ. ಹಲವು ಸಣ್ಣ ಮಾದರಿಗಳಲ್ಲಿ ಯುಎಸ್‌ಬಿ ಸಂಪರ್ಕವನ್ನು ಡಿಸ್ಕ್‌ನ ಫಲಕಕ್ಕೇ ಬೆಸೆದಿರುವುದರಿಂದ ಪ್ರಯತ್ನವೇ ವ್ಯರ್ಥವಾಗಬಹುದು.

ಕೊನೆಯದು ಎಸ್‌ಎಸ್‌ಡಿ. ಸದ್ದಿಲ್ಲ, ತಿರುಗುವ ಭಾಗವಿಲ್ಲ, ವಿದ್ಯುತ್ ಬಳಕೆ ಕಡಿಮೆ. ಬರೆದು ಬರೆದು ಸವೆಯುತ್ತದೆ ಎಂಬ ಭಯ ಮನೆ ಬಳಕೆಗೆ ಆಧಾರವಿಲ್ಲದ್ದು. 1 ಟಿಬಿಯ ಸ್ಯಾಮ್‌ಸಂಗ್ 870 ಇವೊಗೆ ತಯಾರಕರು ನೀಡಿರುವ ಬರವಣಿಗೆಯ ಮಿತಿ 600 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ ಮಾತ್ರ. ಆದರೆ ಪ್ರತಿ ಟಿಬಿಗೆ ತೆರಬೇಕಾದ ಬೆಲೆ ಹಾರ್ಡ್ ಡಿಸ್ಕ್‌ಗಿಂತ ಬಹಳ ಹೆಚ್ಚು. 1 ಟಿಬಿ ಸಾಕಾಗುವ ಮನೆಗೆ ಎಸ್‌ಎಸ್‌ಡಿ ಯೋಗ್ಯ. 4 ಟಿಬಿ ದಾಟಿದರೆ ಹಾರ್ಡ್ ಡಿಸ್ಕೇ ಅಗ್ಗ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಡಲು ಎಸ್‌ಎಸ್‌ಡಿ ತಕ್ಕುದಲ್ಲ. ಸವೆತದ ಮಿತಿ ತಲುಪಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕೆಂಬುದಷ್ಟೇ ಉದ್ಯಮದ ಮಾನದಂಡ. ಉಷ್ಣತೆ ಏರಿದಂತೆ ಈ ಅವಧಿ ಕುಗ್ಗುತ್ತದೆ.

ಬೆಲೆ ಅಳೆಯುವ ಬಗೆ

ಡಿಸ್ಕ್ ಬೆಲೆ ಸ್ಥಿರವಲ್ಲ. 2011ರಲ್ಲಿ ಥಾಯ್ಲೆಂಡ್‌ನ ಪ್ರವಾಹದಿಂದ ಕಾರ್ಖಾನೆಗಳು ಮುಳುಗಿದಾಗ ಜಗತ್ತಿನೆಲ್ಲೆಡೆ ಬೆಲೆ ಗಗನಕ್ಕೇರಿತು. 2021ರಲ್ಲಿ ಡಿಸ್ಕ್ ಜಾಗವನ್ನೇ ಬಂಡವಾಳ ಮಾಡಿಕೊಂಡ ‘ಚಿಯಾ’ ಎಂಬ ಕ್ರಿಪ್ಟೊ ನಾಣ್ಯದಿಂದ ಮತ್ತೆ ಏರಿತು. 2025ರ ಕೊನೆಯ ವೇಳೆಗೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಹಾಗೂ ಸಂಗ್ರಹ ಸಾಧನಗಳು ಪುನಃ ತುಟ್ಟಿಯಾದವು. ಆದ್ದರಿಂದ ಇಂತಿಷ್ಟೇ ಬೆಲೆ ನ್ಯಾಯವಾದದ್ದು ಎನ್ನುವುದಕ್ಕಿಂತ ಹೋಲಿಸುವ ಸೂತ್ರ ತಿಳಿದಿರುವುದು ಒಳಿತು. ಬೆಲೆಯನ್ನು ಸಾಮರ್ಥ್ಯ ಮತ್ತು ವಾರಂಟಿ ವರ್ಷಗಳ ಗುಣಲಬ್ಧದಿಂದ ಭಾಗಿಸಬೇಕು.

ಕೇವಲ ಲೆಕ್ಕಕ್ಕೆಂದು ಒಂದು ಉದಾಹರಣೆ ನೋಡೋಣ. ಎರಡು ವರ್ಷ ವಾರಂಟಿಯ 4 ಟಿಬಿ ಡಿಸ್ಕ್ ಬೆಲೆ 8,000 ರೂಪಾಯಿ, ಮೂರು ವರ್ಷ ವಾರಂಟಿಯದ್ದು 10,000 ರೂಪಾಯಿ ಎಂದಿರಲಿ. ಮೊದಲನೆಯದಕ್ಕೆ ಪ್ರತಿ ಟಿಬಿಗೆ, ಪ್ರತಿ ವರ್ಷಕ್ಕೆ ಬೀಳುವ ವೆಚ್ಚ 1,000 ರೂಪಾಯಿ. ಎರಡನೆಯದಕ್ಕೆ ಸುಮಾರು 833 ರೂಪಾಯಿ. ಅಗ್ಗವೆಂದು ಕಂಡದ್ದು ಇಲ್ಲಿ ದುಬಾರಿ. ಅತಿ ಚಿಕ್ಕ ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಟಿಬಿಯ ಬೆಲೆ ಹೆಚ್ಚಾಗಿರುವುದಕ್ಕೂ ಕಾರಣವಿದೆ. ಒಳಗಿನ ಮೋಟಾರು, ತೋಳು, ಕವಚದ ವೆಚ್ಚ ಸಾಮರ್ಥ್ಯ ಎಷ್ಟೇ ಇದ್ದರೂ ತಪ್ಪುವುದಿಲ್ಲ.

ಬಳಸಿದ ಡಿಸ್ಕ್: ಉಳಿತಾಯವೋ, ಬಲೆಯೋ?

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ಅಂತರ್ಜಾಲದ ಮಳಿಗೆಗಳವರೆಗೆ ದತ್ತಾಂಶ ಕೇಂದ್ರಗಳಲ್ಲಿ ಬಳಸಿ ತೆಗೆದ ಡಿಸ್ಕ್‌ಗಳು ಕಡಿಮೆ ಬೆಲೆಗೆ ಮಾರಾಟವಾಗುತ್ತವೆ. ಬಳಸಿದ್ದೆಂದು ತಿಳಿದು, ಎರಡನೆಯ ಪ್ರತಿಯ ಭರವಸೆಯೊಂದಿಗೆ ಕೊಂಡರೆ ತಪ್ಪೇನಿಲ್ಲ. ಹಳೆಯದನ್ನೇ ಹೊಸದೆಂದು ಮಾರುವುದು ಅಪಾಯ. 2025ರ ಜನವರಿಯಲ್ಲಿ ಜರ್ಮನಿಯ ತಂತ್ರಜ್ಞಾನ ಪತ್ರಿಕೆಯೊಂದು ಇಂತಹ ವಂಚನೆಯನ್ನು ಬಯಲಿಗೆಳೆಯಿತು. ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳ ಸ್ಮಾರ್ಟ್ ದಾಖಲೆಯನ್ನು ಯಾರೋ ಸೊನ್ನೆಗಿಳಿಸಿ, ಅವನ್ನು ಹೊಸದೆಂಬಂತೆ ಮಾರುಕಟ್ಟೆಗೆ ಬಿಟ್ಟಿದ್ದರು. ಅವುಗಳಲ್ಲಿ ಹಲವು ಚಿಯಾ ನಾಣ್ಯಕ್ಕಾಗಿ ದುಡಿದವು ಎಂದು ಶಂಕಿಸಲಾಯಿತು. ತಯಾರಕ ಕಂಪನಿಯು ಆ ಡಿಸ್ಕ್‌ಗಳನ್ನು ತಾನು ವಿತರಿಸಿಲ್ಲವೆಂದು ಸ್ಪಷ್ಟಪಡಿಸಿತು.

ಆ ವಂಚನೆ ಬೆಳಕಿಗೆ ಬಂದದ್ದು ಡಿಸ್ಕ್‌ನೊಳಗಿನ ‘ಫಾರ್ಮ್’ ಎಂಬ ಮತ್ತೊಂದು ದಾಖಲೆಯಿಂದ. ಸ್ಮಾರ್ಟ್ ದಾಖಲೆಯ 9ನೆಯ ಸಾಲಿನಲ್ಲಿರುವ ಚಾಲನೆಯ ಗಂಟೆಗಳು ಮತ್ತು ಫಾರ್ಮ್ ದಾಖಲೆಯ ಗಂಟೆಗಳು ಹೊಂದಿಕೆಯಾಗದಿದ್ದರೆ ಡಿಸ್ಕ್ ಹೊಸದಲ್ಲ. ಸೀಗೇಟ್ ಡಿಸ್ಕ್‌ಗಳ ಈ ದಾಖಲೆಯನ್ನು ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶದ 7.4 ಮತ್ತು ನಂತರದ ಆವೃತ್ತಿಗಳು ಓದಬಲ್ಲವು.

‘16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ’ ಎಂದು ಒಂದೆರಡು ಸಾವಿರ ರೂಪಾಯಿಗೆ ಸಿಗುವ ಸಾಧನಗಳನ್ನು ನಂಬಲೇಬಾರದು. ಇಂತಹವನ್ನು ಬಿಚ್ಚಿ ನೋಡಿದಾಗ ಒಳಗೆ ಸಣ್ಣ ಮೆಮೊರಿ ಕಾರ್ಡ್ ಮಾತ್ರ ಇದ್ದ ನಿದರ್ಶನಗಳಿವೆ. ಕಂಪ್ಯೂಟರ್‌ನಲ್ಲಿ ಸಾಮರ್ಥ್ಯ 16 ಟಿಬಿ ಎಂದೇ ಕಾಣುತ್ತದೆ. ಕಾರ್ಡ್ ತುಂಬಿದ ಮೇಲೆ ಬರೆದದ್ದೆಲ್ಲ ಮಾಯವಾಗುತ್ತದೆ.

ಬಿಸಿಲು ಮತ್ತು ವಿದ್ಯುತ್

ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ನಿಗದಿಪಡಿಸುವ ಗರಿಷ್ಠ ಮಿತಿ ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸು. ಮುಚ್ಚಿದ ಕಪಾಟಿನಲ್ಲಿ, ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಡಿಸ್ಕ್ ಕೋಣೆಗಿಂತ 10ರಿಂದ 15 ಡಿಗ್ರಿ ಹೆಚ್ಚು ಬಿಸಿಯಾದರೆ ಮಿತಿಯ ಅಂಚಿಗೇ ಬಂದು ನಿಂತಂತೆ. ಸರ್ವರ್ ಅನ್ನು ತಗಡಿನ ಮಾಡಿನ ಕೆಳಗೆ ಅಥವಾ ಪಶ್ಚಿಮದ ಗೋಡೆಗೆ ಒತ್ತಿ ಇಡುವುದರ ಬದಲು ಗಾಳಿಯಾಡುವ ನೆಲಮಹಡಿಯ ಕೋಣೆಯಲ್ಲಿಡಬೇಕು. ಒಂದು ಸಣ್ಣ ಫ್ಯಾನ್, ಎರಡು ತಿಂಗಳಿಗೊಮ್ಮೆ ಧೂಳಿನ ಸ್ವಚ್ಛತೆ, ಬ್ಯಾಕಪ್ ಕೆಲಸವನ್ನು ಮಧ್ಯಾಹ್ನದ ಬದಲು ಬೆಳಗಿನ ಜಾವಕ್ಕೆ ನಿಗದಿಪಡಿಸುವುದು, ಇವು ದುಬಾರಿ ಡಿಸ್ಕ್‌ಗಿಂತ ಹೆಚ್ಚು ಫಲ ನೀಡುತ್ತವೆ.

ವಿದ್ಯುತ್ ಏರಿಳಿತ ಮತ್ತು ಹಠಾತ್ ಕಡಿತ ಇನ್ನೊಂದು ಶತ್ರು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತ ವ್ಯವಸ್ಥೆ ಹಾಳಾಗಬಹುದು. ಎರಡನೆಯ ಜೋಡಿ ಡಿಸ್ಕ್ ಕೊಳ್ಳುವ ಮುನ್ನ ಸಣ್ಣದೊಂದು ಯುಪಿಎಸ್ ಕೊಳ್ಳುವುದು ಜಾಣತನ. ಯುಎಸ್‌ಬಿ ಕೇಬಲ್ ಮೂಲಕ ಸರ್ವರ್‌ಗೆ ಸೂಚನೆ ನೀಡಿ, ಬ್ಯಾಟರಿ ಮುಗಿಯುವ ಮುನ್ನ ಅದನ್ನು ಕ್ರಮಬದ್ಧವಾಗಿ ಆರಿಸುವ ಯುಪಿಎಸ್ ಆದರೆ ಇನ್ನೂ ಉತ್ತಮ. ಮನೆಯ ಇನ್ವರ್ಟರ್ ಅವಲಂಬಿಸುವವರು ಅದನ್ನು ‘ಯುಪಿಎಸ್’ ಸ್ಥಿತಿಯಲ್ಲಿಟ್ಟಿರಬೇಕು. ಸಾಮಾನ್ಯ ಸ್ಥಿತಿಯಲ್ಲಿ ಬದಲಾವಣೆಗೆ ತಗಲುವ ಕ್ಷಣಾರ್ಧದಲ್ಲಿ ಕಂಪ್ಯೂಟರ್ ಆರಿಹೋಗಬಹುದು.

ಸರ್ವರ್ ಸರಾಸರಿ 20 ವ್ಯಾಟ್ ಬಳಸಿದರೆ ತಿಂಗಳಿಗೆ 14.4 ಯೂನಿಟ್ ಆಗುತ್ತದೆ. ಹಳೆಯ ಮೇಜಿನ ಕಂಪ್ಯೂಟರ್ ಇದರ ಎರಡು ಮೂರು ಪಟ್ಟು ಬಳಸಬಹುದು. ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗಿರುವ ಹೆಸ್ಕಾಂ ಗ್ರಾಹಕರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ದಿನಕ್ಕೆ ಎರಡು ಗಂಟೆ ಮಾತ್ರ ಸರ್ವರ್ ಚಾಲೂ ಮಾಡಿ ಪ್ರತಿ ತೆಗೆದು ಆರಿಸಿದರೂ ಬ್ಯಾಕಪ್ ಉದ್ದೇಶ ಈಡೇರುತ್ತದೆ.

ಜೋಡಿ ಡಿಸ್ಕ್ ಎರಡನೆಯ ಪ್ರತಿಯಲ್ಲ

ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇಟ್ಟು ಎರಡರಲ್ಲೂ ಅದೇ ಮಾಹಿತಿ ಬರೆಯುವ ‘ರೇಡ್’ ಜೋಡಣೆಯನ್ನೇ ಬ್ಯಾಕಪ್ ಎಂದು ಭಾವಿಸುವವರು ಹಲವರು. ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ಅದರ ಉದ್ದೇಶ. ಮಗು ಕಡತ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ತಗಲುತ್ತದೆ. ಸಿಡಿಲು, ಕಳ್ಳತನ, ಬೆಂಕಿಗೆ ಎರಡೂ ಒಟ್ಟಿಗೇ ಬಲಿಯಾಗುತ್ತವೆ. ಮನೆ ಬಳಕೆಯಲ್ಲಿ ಸರ್ವರ್ ಒಂದು ದಿನ ನಿಂತರೆ ನಷ್ಟವಿಲ್ಲ; ಮಾಹಿತಿ ಹೋದರೆ ನಷ್ಟ. ಆದ್ದರಿಂದ ಅದೇ ಹಣದಲ್ಲಿ ಸರ್ವರ್‌ಗೆ ಒಂದು ಡಿಸ್ಕ್, ಬೇರೆಡೆ ಇಡಲು ಒಂದು ಪೋರ್ಟಬಲ್ ಡಿಸ್ಕ್ ಕೊಳ್ಳುವುದು ಮೇಲು. ಸಿಂದಗಿಯ ಸ್ಟುಡಿಯೊದ ಪ್ರತಿಯೊಂದು ಊರಿನ ಇನ್ನೊಂದು ಬಡಾವಣೆಯಲ್ಲಿರುವ ಮನೆಯಲ್ಲಿ, ಮುದ್ದೇಬಿಹಾಳದ ಮನೆಯ ಪ್ರತಿಯೊಂದು ವಿಜಯಪುರದ ಬಂಧುಗಳ ಮನೆಯಲ್ಲಿ ಇರಬಹುದು. ತಿಂಗಳಿಗೊಮ್ಮೆ ತಂದು ನವೀಕರಿಸಿದರೆ ಸಾಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ ಎಂಬ ಪ್ರಸಿದ್ಧ ಸೂತ್ರದ ಸಾರವೂ ಇದೇ.

ಪ್ರತಿಯ ಮಹತ್ವ ಈ ನೆಲಕ್ಕೆ ಅಪರಿಚಿತವಲ್ಲ. ವಿಜಯಪುರದಲ್ಲಿ ನೆಲೆಸಿದ್ದ ಡಾ. ಫ.ಗು. ಹಳಕಟ್ಟಿ ಅವರು ಮನೆ ಮನೆ ಅಲೆದು ಓಲೆಗರಿಯ ವಚನ ಕಟ್ಟುಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಬಸವನ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಮಾತುಗಳು ಎಂಟು ಶತಮಾನ ದಾಟಿ ಬಂದದ್ದು ಗರಿ ಸವೆಯುವ ಮುನ್ನ ಯಾರೋ ಅದನ್ನು ಮತ್ತೊಂದು ಗರಿಗೆ ಇಳಿಸಿದ್ದರಿಂದ. ಮಾಧ್ಯಮ ಬದಲಾಗಿದೆ, ನಿಯಮ ಬದಲಾಗಿಲ್ಲ.

ಡಿಸ್ಕ್ ಕೈಗೆ ಬಂದ ಮೇಲೆ

ಕೊರಿಯರ್‌ನಲ್ಲಿ ಬಂದ ಡಿಸ್ಕ್‌ಗೆ ಸಾಕಷ್ಟು ಮೆತ್ತನೆಯ ಹೊದಿಕೆ ಇತ್ತೇ ಎಂಬುದನ್ನು ನೋಡಿ, ಪೊಟ್ಟಣ ಬಿಚ್ಚುವ ವಿಡಿಯೊ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಕ್ರಮಸಂಖ್ಯೆಯನ್ನು ತಯಾರಕರ ತಾಣದಲ್ಲಿ ನಮೂದಿಸಿದರೆ ವಾರಂಟಿ ಅವಧಿ ತಿಳಿಯುತ್ತದೆ. ಬೇರೆ ದೇಶಕ್ಕೆಂದು ತಯಾರಾಗಿ ಇಲ್ಲಿಗೆ ಬಂದ ಡಿಸ್ಕ್‌ಗಳಿಗೆ ಭಾರತದಲ್ಲಿ ವಾರಂಟಿ ಸಿಗದಿರಬಹುದು. ಬಳಿಕ ಇಡೀ ಡಿಸ್ಕನ್ನು ಒಮ್ಮೆ ಬರೆದು, ಸ್ಮಾರ್ಟ್‌ನ ದೀರ್ಘ ಪರೀಕ್ಷೆ ನಡೆಸಬೇಕು. ಸೆಕೆಂಡಿಗೆ ಸರಾಸರಿ 150 ಎಂಬಿ ವೇಗದಲ್ಲಿ 4 ಟಿಬಿ ಬರೆಯಲು ಸುಮಾರು ಏಳೂವರೆ ಗಂಟೆ ಬೇಕು. ಒಂದು ರಾತ್ರಿಯ ಕೆಲಸ ಅಷ್ಟೇ. ದೋಷ ಇದ್ದರೆ ಮರಳಿಸುವ ಗಡುವಿನೊಳಗೇ ತಿಳಿಯುತ್ತದೆ.

ಹಳೆಯ ಡಿಸ್ಕ್ ಇನ್ನೂ ಓದಲು ಬರುತ್ತಿದ್ದರೆ ಮೊದಲು ಅತಿ ಮುಖ್ಯ ಕಡತಗಳನ್ನು, ಬಳಿಕ ಉಳಿದವನ್ನು ನಕಲಿಸಬೇಕು. ಜೋಡಿ ವ್ಯವಸ್ಥೆ ಇರುವವರು ಕೆಟ್ಟ ಡಿಸ್ಕ್‌ನ ಕ್ರಮಸಂಖ್ಯೆ ಬರೆದುಕೊಂಡೇ ಪೆಟ್ಟಿಗೆ ತೆರೆಯಬೇಕು. ಅವಸರದಲ್ಲಿ ಸರಿಯಿರುವ ಡಿಸ್ಕನ್ನೇ ಎಳೆದು ಎಲ್ಲ ಕಳೆದುಕೊಳ್ಳುವ ಅಪಾಯವಿದೆ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ನಕಲು ಮುಗಿದ ಮೇಲೆ ಹತ್ತಾರು ಕಡತಗಳನ್ನು ತೆರೆದು ನೋಡಿ, ಹಳೆಯ ಡಿಸ್ಕನ್ನು ಕನಿಷ್ಠ ಒಂದು ತಿಂಗಳು ಹಾಗೆಯೇ ಇಡಬೇಕು. ಅನಂತರ ಮಾಹಿತಿಯನ್ನು ಪೂರ್ಣವಾಗಿ ಅಳಿಸಿ, 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಡಿ ನೋಂದಾಯಿತರಾದ ಮರುಬಳಕೆದಾರರಿಗೆ ಅಥವಾ ಅವರ ಸಂಗ್ರಹ ಕೇಂದ್ರಗಳಿಗೆ ನೀಡಬೇಕೇ ಹೊರತು ಗುಜರಿಗೆ ಹಾಕಬಾರದು.

ಬಿಲ್ ಇದ್ದರೆ ಬಲ

‘ಬಿಲ್ ಬೇಡವಾದರೆ ಕಡಿಮೆ ಮಾಡುತ್ತೇವೆ’ ಎಂಬ ಮಾತಿಗೆ ಮರುಳಾಗಬಾರದು. ಕ್ರಮಸಂಖ್ಯೆ ನಮೂದಾದ ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ, ದೂರಿಗೆ ಆಧಾರವೂ ಇಲ್ಲ. ದೋಷಯುಕ್ತ ಅಥವಾ ಹಳೆಯ ಡಿಸ್ಕನ್ನು ಹೊಸದೆಂದು ಮಾರಿದ್ದು ಸಾಬೀತಾದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಅಡಿ ಪರಿಹಾರ ಪಡೆಯಬಹುದು. ಮಾರಾಟಗಾರ ದೆಹಲಿಯಲ್ಲಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ನೀಡಲು ಈ ಕಾಯ್ದೆ ಅವಕಾಶ ಕಲ್ಪಿಸಿದೆ. 5 ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವಾರಂಟಿ ಎಂಬುದು ಡಿಸ್ಕ್‌ಗೆ ಮಾತ್ರ, ಒಳಗಿನ ಮಾಹಿತಿಗೆ ಅಲ್ಲ ಎಂಬುದು ಸದಾ ನೆನಪಿರಲಿ.

ಖರೀದಿಗೆ ಮುನ್ನ

* ಕೇಬಲ್, ಅಡಾಪ್ಟರ್ ಬದಲಿಸಿ ನೋಡಿ. ಸ್ಮಾರ್ಟ್ ದಾಖಲೆಯ 5, 187, 188, 197, 198ನೆಯ ಸಾಲು ಓದಿ.
* ಮೂರು ವರ್ಷದ ಅಗತ್ಯ ಲೆಕ್ಕ ಹಾಕಿ; ಸಾಮಾನ್ಯ ಮನೆಗೆ 2 ಟಿಬಿ, ಸ್ಟುಡಿಯೊಗೆ 8 ಟಿಬಿ.
* ಸರ್ವರ್‌ನೊಳಗೆ ಸಿಎಂಆರ್ ಡಿಸ್ಕ್ ಮಾತ್ರ. ಮಾದರಿ ಸಂಖ್ಯೆ ಪರಿಶೀಲಿಸಿ.
* ಸರ್ವರ್ ಡಿಸ್ಕ್ ಸಿಗದಿದ್ದರೆ ಸಿಸಿ ಕ್ಯಾಮೆರಾ ಡಿಸ್ಕ್ ಪರಿಗಣಿಸಿ.
* ಬೆಲೆಯನ್ನು ಟಿಬಿ ಮತ್ತು ವಾರಂಟಿ ವರ್ಷದ ಲೆಕ್ಕದಲ್ಲಿ ಹೋಲಿಸಿ. ಬಿಲ್ ಕೇಳಿ ಪಡೆಯಿರಿ.
* ಜೋಡಿ ಡಿಸ್ಕ್‌ಗಿಂತ ಮೊದಲು ಯುಪಿಎಸ್, ಅದರ ಜೊತೆಗೆ ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ.

ದತ್ತಾಂಶ ಸಂಗ್ರಹ ಸೇವೆ ನೀಡುವ ಬ್ಯಾಕ್‌ಬ್ಲೇಜ್ ಕಂಪನಿಯ ವರದಿಯಂತೆ 2024ರಲ್ಲಿ ಅದರ ಹಾರ್ಡ್ ಡಿಸ್ಕ್‌ಗಳ ವಾರ್ಷಿಕ ವೈಫಲ್ಯದ ಪ್ರಮಾಣ ಶೇ 1.57. ತಂಪು ಕೋಣೆ, ಸ್ಥಿರ ವಿದ್ಯುತ್, ತಜ್ಞರ ನಿಗಾ ಎಲ್ಲ ಇದ್ದೂ ನೂರರಲ್ಲಿ ಒಂದೆರಡು ಡಿಸ್ಕ್ ಪ್ರತಿ ವರ್ಷ ಕೆಡುತ್ತವೆ. ಎಷ್ಟೇ ಹಣ ತೆತ್ತರೂ ಕೆಡದ ಡಿಸ್ಕ್ ಎಂಬುದಿಲ್ಲ. ಎರಡು ಸಾಧಾರಣ ಡಿಸ್ಕ್‌ಗಳು ಎರಡು ಮನೆಗಳಲ್ಲಿದ್ದರೆ ಎರಡೂ ಒಂದೇ ದಿನ ಕೆಡುವ ಸಾಧ್ಯತೆ ಮಾತ್ರ ತೀರಾ ವಿರಳ.